ಎರಡು ರೆಸಿಸ್ಟರ್, ಒಂದೇ ಸಮೀಕರಣ

ಪ್ರಶ್ನೆ: ಆದರ್ಶ ಆಪ್‌ಆಂಪ್ ಬಳಸಿ −10 ಗೇನ್ ಕೊಡುವ ಇನ್ವರ್ಟಿಂಗ್ ಆಂಪ್ಲಿಫೈಯರ್ ರಚಿಸುವ ಲೆಕ್ಕಕ್ಕೆ ನಾನು 1 ಮತ್ತು 10 ಕಿಲೋ ಓಮ್ ಬರೆದೆ. ಪುಸ್ತಕದ ಉತ್ತರ 10 ಮತ್ತು 100 ಕಿಲೋ ಓಮ್. ನನ್ನದು ತಪ್ಪೇ?

ಉತ್ತರ: ತಪ್ಪಲ್ಲ. ಆದರ್ಶ ಆಪ್‌ಆಂಪ್‌ನ ಇನ್‌ಪುಟ್ ಪಿನ್ನುಗಳೊಳಗೆ ಕರೆಂಟ್ ಹರಿಯುವುದಿಲ್ಲ. ಪ್ಲಸ್ ಪಿನ್ ಗ್ರೌಂಡಿಗೆ ಸೇರಿರುವುದರಿಂದ ಫೀಡ್‌ಬ್ಯಾಕು ಮೈನಸ್ ಪಿನ್ನನ್ನೂ ಸೊನ್ನೆ ವೋಲ್ಟಿನಲ್ಲೇ ಹಿಡಿದಿಡುತ್ತದೆ. ಹಾಗಾಗಿ ಇನ್‌ಪುಟ್ ರೆಸಿಸ್ಟರಿನಿಂದ ಬಂದ ಕರೆಂಟ್ ಅಷ್ಟೂ ಫೀಡ್‌ಬ್ಯಾಕ್ ರೆಸಿಸ್ಟರಿನಲ್ಲೇ ಸಾಗಬೇಕು. ಇಷ್ಟರಿಂದ ತಿಳಿಯುವುದು ಎರಡನೆಯದು ಮೊದಲನೆಯದರ ಹತ್ತು ಪಟ್ಟು ಎಂಬುದಷ್ಟೇ. ಬೆಲೆ ಗೊತ್ತಿಲ್ಲದ ರೆಸಿಸ್ಟರ್ ಎರಡು, ಸಮೀಕರಣ ಒಂದು. 1 ಓಮ್ ಮತ್ತು 10 ಓಮ್ ಎಂದರೂ ಕಾಗದದ ಮೇಲೆ ಸರಿಯೇ.

ಬೋರ್ಡಿನ ಮೇಲೆ ಹಾಗಲ್ಲ. ಇನ್‌ಪುಟ್ 0.5 ವೋಲ್ಟ್ ಇರಲಿ. 1 ಓಮ್ ಹಾಕಿದರೆ ಅರ್ಧ ಆಂಪಿಯರ್ ಹರಿಯಬೇಕು. ಹಳೆಯ 741 ಐಸಿ ಸುಮಾರು 25 ಮಿಲಿಆಂಪಿಯರಿಗೇ ಕೈಚೆಲ್ಲುತ್ತದೆ. ಹೋಗಲಿ, 1 ಮತ್ತು 10 ಮೆಗಾ ಓಮ್ ಹಾಕೋಣವೆಂದರೆ ಅದೇ 741ರ ಇನ್‌ಪುಟ್ ಪಿನ್ ಸಾಮಾನ್ಯವಾಗಿ 80 ನ್ಯಾನೋಆಂಪಿಯರ್ ಎಳೆದುಕೊಳ್ಳುತ್ತದೆ. 10 ಮೆಗಾ ಓಮಿನಲ್ಲಿ ಅಷ್ಟು ಹರಿದರೆ ಔಟ್‌ಪುಟ್ಟಿನಲ್ಲಿ 0.8 ವೋಲ್ಟ್ ತಪ್ಪು! ಒಂದು ಕಿಲೋ ಓಮಿನಿಂದ ಕೆಲವು ನೂರು ಕಿಲೋ ಓಮಿನವರೆಗಿನ ಬೆಲೆಗಳೇ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕಾಗಿ.

ನಿಮ್ಮ ಜೋಡಿಗೂ ಪುಸ್ತಕದ ಜೋಡಿಗೂ ಇರುವ ವ್ಯತ್ಯಾಸ ನನಗೆ ಇನ್ನೂ ಇಷ್ಟವಾದ ವಿಷಯ. ಈ ಸರ್ಕ್ಯೂಟಿನಲ್ಲಿ ಇನ್‌ಪುಟ್ ರೆಸಿಸ್ಟರೇ ಸಿಗ್ನಲ್ ಮೂಲದ ಮೇಲೆ ಬೀಳುವ ಹೊರೆ. ಮೂಲದೊಳಗೇ 1 ಕಿಲೋ ಓಮ್ ಪ್ರತಿರೋಧವಿದ್ದರೆ ಅದು ನಿಮ್ಮ 1 ಕಿಲೋ ಓಮಿಗೆ ಸೇರಿ 2 ಆಗುತ್ತದೆ, ಗೇನ್ −5ಕ್ಕೆ ಇಳಿಯುತ್ತದೆ. ಪುಸ್ತಕದ ಜೋಡಿಯಲ್ಲಿ 10 ಕಿಲೋ ಓಮ್ 11 ಆಗುವುದರಿಂದ ಗೇನ್ ಸುಮಾರು −9.1ರಲ್ಲಿ ನಿಲ್ಲುತ್ತದೆ. ‘ಇನ್‌ಪುಟ್ ರೆಸಿಸ್ಟನ್ಸ್ ಕನಿಷ್ಠ 10 ಕಿಲೋ ಓಮ್ ಇರಲಿ’ ಎಂಬಂಥ ಸಾಲು ಪ್ರಶ್ನೆಯಲ್ಲಿದೆಯೇ ಎಂದು ಮತ್ತೊಮ್ಮೆ ನೋಡಿ. ಇದ್ದರೆ ಅದೇ ನಿಮಗೆ ಬೇಕಿದ್ದ ಎರಡನೆಯ ಷರತ್ತು.

ಇನ್ನು ಗೇನ್ −7 ಕೇಳಿದರೆ 70 ಕಿಲೋ ಓಮ್ ಹುಡುಕಿಕೊಂಡು ಅಂಗಡಿ ಅಲೆಯಬೇಡಿ, ಸಾಮಾನ್ಯ ಸರಣಿಯಲ್ಲಿ ಅದು ಇಲ್ಲ. 4.7 ಮತ್ತು 33 ಕಿಲೋ ಓಮ್ ಜೋಡಿ 7.02 ಕೊಡುತ್ತದೆ. ಶೇಕಡಾ 5 ಟಾಲರೆನ್ಸಿನ ರೆಸಿಸ್ಟರ್‌ಗಳಲ್ಲಿ ಆ 0.02 ಲೆಕ್ಕಕ್ಕೇ ಬರುವುದಿಲ್ಲ.