ಮಗುವಿನ ಕ್ಯಾನ್ಸರ್ ಗುಣವಾಯಿತು, ಫೈಲ್ ಎಲ್ಲಿದೆ?

ಹೃದಯದ ಡಾಕ್ಟರಿಗೆ ಮಕ್ಕಳ ಕ್ಯಾನ್ಸರ್ ವಿಷಯ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ.

ಈಚೆಗೆ ಡೊಂಬಿವಲಿಯಿಂದ ನಮ್ಮವನೇ ಒಬ್ಬ ಹುಡುಗ ಬಂದಿದ್ದ. ವಯಸ್ಸು 23. ಸ್ಟೇಷನ್ನಿನ ಬ್ರಿಜ್ ಹತ್ತಿದರೆ ಏದುಸಿರು. ಎಕೋ ಮಾಡಿದಾಗ ಹೃದಯದ ಪಂಪಿಂಗ್ ಕಡಿಮೆ ಇತ್ತು. 'ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆ ಏನಾದರೂ?' ಎಂದೆ. ಅವನು ಇಲ್ಲವೆಂದ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ಏಳನೇ ವಯಸ್ಸಿನಲ್ಲಿ ಬ್ಲಡ್ ಕ್ಯಾನ್ಸರ್ ಆಗಿತ್ತು ಡಾಕ್ಟ್ರೇ. ಪೂರ್ತಿ ಗುಣವಾಯಿತು. ಮುಂದೆ ಮದುವೆಗೆ ಅಡ್ಡಿಯಾದೀತೆಂದು ಯಾರಿಗೂ ಹೇಳಲಿಲ್ಲ, ಇವನಿಗೂ ಹೇಳಲಿಲ್ಲ. ಮನೆ ಬದಲಿಸುವಾಗ ಫೈಲೂ ಹೋಯಿತು.'

ಮಕ್ಕಳ ಹಲವು ಕ್ಯಾನ್ಸರ್‌ಗಳಿಗೆ ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಿಗಳನ್ನು ಕೊಡುತ್ತಾರೆ. ಜೀವ ಉಳಿಸುವ ಔಷಧಿಗಳಿವು. ಆದರೆ ಡೋಸ್ ಹೆಚ್ಚಾದಷ್ಟೂ ಹೃದಯದ ಸ್ನಾಯು ದುರ್ಬಲವಾಗುವ ಸಂಭವ ಹೆಚ್ಚು. ಎದೆಗೆ ರೇಡಿಯೇಷನ್ ಕೊಟ್ಟಿದ್ದರೂ ಹಾಗೆಯೇ. ತೊಂದರೆ ಹತ್ತಿಪ್ಪತ್ತು ವರ್ಷಗಳ ನಂತರವೂ ಕಾಣಿಸಬಹುದು. ಹಾಗೆಂದು ಹೆದರಿ ಚಿಕಿತ್ಸೆಯನ್ನು ನಡುವೆ ಬಿಡಬೇಡಿ. ಬಿಟ್ಟರೆ ಕ್ಯಾನ್ಸರ್ ಮರಳುತ್ತದೆ. ಹೃದಯದ ತೊಂದರೆಯನ್ನು ಬೇಗ ಕಂಡುಹಿಡಿದರೆ ಮಾತ್ರೆಗಳಿಂದ ನಿಯಂತ್ರಿಸಬಹುದು.

*ಮುಂಬಯಿಯಲ್ಲಿ ಏನಿದೆ?*

ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ಅಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಪ್ರತ್ಯೇಕ ವಿಭಾಗವಿದೆ. ವೈದ್ಯರ ಜೊತೆಗೆ ಆಹಾರ ತಜ್ಞರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರೂ ಇರುತ್ತಾರೆ. ಚಿಕಿತ್ಸೆ ಮುಗಿಸಿದವರಿಗಾಗಿಯೇ 1991ರಿಂದ ಬೇರೆ ಕ್ಲಿನಿಕ್ ನಡೆಯುತ್ತಿದೆ. ಊರಿನಿಂದ ಬರುವ ಬಂಧುಗಳಿಗೆ ಉಳಿಯುವ ಚಿಂತೆಯಿದ್ದರೆ, 2006ರಲ್ಲಿ ಇಲ್ಲೇ ಶುರುವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಸಂಸ್ಥೆ, ಚಿಕಿತ್ಸೆಯಲ್ಲಿರುವ ಮಗು ಮತ್ತು ತಂದೆತಾಯಿಗೆ ಉಚಿತ ವಸತಿ ಕೊಡುತ್ತದೆ. ವಸತಿ, ಹಣ ಎರಡರ ಬಗ್ಗೆಯೂ ಮೊದಲ ದಿನವೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಒಡವೆ ಅಡವಿಡುವುದು ಆಮೇಲೆ.

*ನೀವು ಮಾಡಬೇಕಾದದ್ದು:*

1. ಚಿಕಿತ್ಸೆ ಮುಗಿದ ದಿನ ಒಂದು ಸಾರಾಂಶ ಪತ್ರ ಕೇಳಿ ಪಡೆಯಿರಿ. ಯಾವ ಔಷಧಿ, ಒಟ್ಟು ಎಷ್ಟು ಡೋಸ್, ರೇಡಿಯೇಷನ್ ಎಲ್ಲಿಗೆ ಎಂಬುದು ಅದರಲ್ಲಿರಲಿ. ಅದರ ಫೋಟೋ ತೆಗೆದು ಮನೆಯವರ ಎರಡು ಮೊಬೈಲ್‌ಗಳಲ್ಲಿ ಇಡಿ.

2. ಫೈಲ್ ಕಳೆದಿದ್ದರೆ ಹಳೆಯ ಕೇಸ್ ನಂಬರ್ ಹಿಡಿದು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ವಿಚಾರಿಸಿ.

3. ಎಕೋ ಪರೀಕ್ಷೆ ಎಷ್ಟು ವರ್ಷಕ್ಕೊಮ್ಮೆ ಬೇಕೆಂದು ಕೇಳಿ. ಡೋಸ್ ಹೆಚ್ಚಿದ್ದವರಿಗೆ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಮಧ್ಯಮವಾಗಿದ್ದರೆ 5 ವರ್ಷಕ್ಕೊಮ್ಮೆ. ನೋವಿಲ್ಲದ ಪರೀಕ್ಷೆ ಇದು.

4. ಹೆಣ್ಣುಮಕ್ಕಳು ಗರ್ಭಧಾರಣೆಗೆ ಮೊದಲು ಹೃದಯ ತೋರಿಸಿಕೊಳ್ಳಲಿ.

5. ಬಿ.ಪಿ., ಸಕ್ಕರೆ, ತೂಕ ಹತೋಟಿಯಲ್ಲಿರಲಿ. ತಂಬಾಕು ಬೇಡವೇ ಬೇಡ.

6. ಮಗು ದೊಡ್ಡದಾದಾಗ ನಡೆದದ್ದನ್ನು ಹೇಳಿ. ನಾಳೆ ಒಬ್ಬನೇ ಡಾಕ್ಟರ ಮುಂದೆ ಕೂರುವವನು ಅವನು.

ಆ ಹುಡುಗ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಬ್ರಿಜ್ ನಿಧಾನವಾಗಿ ಹತ್ತುತ್ತಾನೆ. ಹೋಗುವಾಗ ತಾಯಿಯನ್ನು ಒಂದೇ ಮಾತು ಕೇಳಿದ: 'ಅಮ್ಮಾ, ಅಷ್ಟು ದೊಡ್ಡ ಕಾಯಿಲೆ ಗೆದ್ದಿದ್ದೆ ಅಂತ ನನಗೇ ಯಾಕೆ ಹೇಳಲಿಲ್ಲ?'

ನಿಮ್ಮ ಬಳಗದಲ್ಲಿ ಇಂಥ ಮಕ್ಕಳಿದ್ದರೆ ಅವರ ಮನೆಗೆ ಇದನ್ನು ತಲುಪಿಸಿ.