ಎದೆಯ ಕ್ಷ-ಕಿರಣ ಚಿತ್ರವು ಕಲಿಸಿದ ಪಾಠ

ನಾನು ಈ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದಾಗ, ಡ್ರಿಲ್ಲಿನ ವೇಳೆ ಏದುಸಿರು ಬಿಡುತ್ತಾ ಕುಳಿತುಬಿಡುತ್ತಿದ್ದ ಬಾಲಕಿಯೊಬ್ಬಳನ್ನು ಸೋಮಾರಿಯೆಂದು ಗದರಿಸಿದ್ದೆನು. ಮುಂದೆ ಆಕೆಯ ತಂದೆಯೊಡನೆ ಮಂಗಳೂರಿಗೆ ಹೋದಾಗ, ವೈದ್ಯರು ಆಕೆಯ ಎದೆಯ ಕ್ಷ-ಕಿರಣ ಚಿತ್ರವನ್ನು ಬೆಳಕಿಗೆ ಹಿಡಿದು ನನಗೆ ಪಾಠ ಹೇಳಿದರು.

ಹೃದಯದ ಎಡಭಾಗದಲ್ಲಿ ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವೆ ಮೈಟ್ರಲ್ ಕವಾಟವಿದೆ. ಅದು ಕಿರಿದಾದರೆ ರಕ್ತವು ಸರಾಗವಾಗಿ ಸಾಗದೆ ಹೃತ್ಕರ್ಣವು ಹಿಗ್ಗುತ್ತದೆ. ಚಿತ್ರದಲ್ಲಿ ರೋಗಿಯ ಎಡವು ನೋಡುವವರ ಬಲಕ್ಕಿರುತ್ತದೆ. ಆ ಎಡ ಅಂಚಿನ ಮೇಲ್ಭಾಗದ ಸಹಜವಾದ ಒಳಬಾಗು ಮಾಯವಾಗಿ, ಅಂಚು ನೆಟ್ಟಗಾಗುತ್ತದೆ ಅಥವಾ ಉಬ್ಬುತ್ತದೆ. ಬಲ ಅಂಚಿನಲ್ಲಿ ನೆರಳಿನೊಳಗೊಂದು ನೆರಳು ಕಾಣುತ್ತದೆ. ಶ್ವಾಸನಾಳದ ಕವಲು ಅಗಲವಾಗುತ್ತದೆ. ಶ್ವಾಸಕೋಶದಲ್ಲಿ ಮೇಲಿನ ರಕ್ತನಾಳಗಳು ಕೆಳಗಿನವುಗಳಿಗಿಂತ ದಪ್ಪವಾಗಿ ತೋರುತ್ತವೆ. ಒತ್ತಡವು ಇನ್ನೂ ಹೆಚ್ಚಿದರೆ ಕೆಳಗಡೆ ಹೊರ ಅಂಚಿನಲ್ಲಿ ಕಿರಿದಾದ ಅಡ್ಡಗೆರೆಗಳು ಮೂಡುತ್ತವೆ. ಇವೇ ಕರ್ಲಿ ಗೆರೆಗಳು. ಆರಂಭದಲ್ಲಿ ಚಿತ್ರವು ಸಹಜವಾಗಿಯೇ ಇರಬಹುದು. ಆದುದರಿಂದ ಎಕೋ ಪರೀಕ್ಷೆಯೇ ನಿರ್ಣಾಯಕ.

ಈ ರೋಗದ ಮೂಲವು ಬಹುತೇಕ ಬಾಲ್ಯದ ರುಮ್ಯಾಟಿಕ್ ಜ್ವರ. ಇದು 5ರಿಂದ 15 ವರ್ಷದವರಲ್ಲಿ ಹೆಚ್ಚು. ಅಂದರೆ ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳಲ್ಲಿಯೇ. ಒಂದು ಬಗೆಯ ರೋಗಾಣುವಿನಿಂದಾದ ಗಂಟಲುನೋವಿನ ಎರಡು ಮೂರು ವಾರಗಳ ಬಳಿಕ ಜ್ವರ ಬಂದು ಕೀಲುಗಳು ಊದಿಕೊಳ್ಳುತ್ತವೆ. ಗಂಟಲುನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ದೊರೆತರೆ ಇದನ್ನು ತಡೆಯಬಹುದು. ಒಮ್ಮೆ ಜ್ವರ ಬಂದವರು ವೈದ್ಯರು ಹೇಳಿದಷ್ಟು ವರ್ಷ ಅದೇ ಚುಚ್ಚುಮದ್ದನ್ನು ತಪ್ಪದೆ ಪಡೆಯಬೇಕು.

ಶಸ್ತ್ರಚಿಕಿತ್ಸೆಯಿಂದ ಆ ಬಾಲಕಿ ಬದುಕಿದಳು. ನನ್ನ ಗದರಿಕೆ ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತಿದೆ. ಗುರುಬಂಧುಗಳೇ, ಏದುಸಿರು ಬಿಡುವ ಮಗುವನ್ನು ಗದರಿಸದಿರಿ, ವೈದ್ಯರಲ್ಲಿಗೆ ಕಳುಹಿಸಿರಿ.