ಸಿಪ್ಪೆಯೊಳಗಿನ ಬೆಳಕು

ಮಕ್ಕಳೇ, ಆದೋನಿ ಮಾರುಕಟ್ಟೆ ಯಾರ್ಡಿಗೆ ಶೇಂಗಾ ಮೂಟೆಗಳು ಬರುವುದನ್ನು ನೀವು ನೋಡಿರಬಹುದು. ಹೊಳಗುಂದ, ಹಾಲಹರ್ವಿ, ಕೌತಾಳಂ ಕಡೆಯ ಅನೇಕ ರೈತರು ಬೆಳೆದುದನ್ನೆಲ್ಲ ಮಾರುವುದಿಲ್ಲ. ಮುಂದಿನ ಬಿತ್ತನೆಗೆಂದು ಸ್ವಲ್ಪ ಉಳಿಸಿಕೊಳ್ಳುತ್ತಾರೆ. ಆ ಬೀಜವನ್ನು ಸುಲಿದು ಇಡುತ್ತಾರೆಯೇ? ಇಲ್ಲ, ಸಿಪ್ಪೆಯ ಸಮೇತ ಇಡುತ್ತಾರೆ. ಏಕೆಂದು ಮನೆಯಲ್ಲಿ ನಿಮ್ಮ ಅಜ್ಜನನ್ನು ಕೇಳಿರಿ. ಸುಲಿದ ಬೀಜಕ್ಕೆ ಬೇಗ ಹುಳ ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ, ಮೊಳೆಯುವ ಶಕ್ತಿಯೂ ಕುಂದುತ್ತದೆ. ಇದನ್ನು ನೆನಪಿಡಿರಿ. ಇಂದಿನ ಪಾಠ ಟಿ.ವಿ.ಯ ಬಣ್ಣಗಳನ್ನು ಕುರಿತದ್ದು. ಆದರೂ ನಮಗೆ ಶೇಂಗಾ ಬೇಕಾಗುತ್ತದೆ.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ, ಅದರಲ್ಲಿ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಸುಮಾರು 2ರಿಂದ 6 ನ್ಯಾನೋಮೀಟರ್ ಅಗಲದ ಹರಳುಗಳಿವೆ. ಅವನ್ನು ಕ್ವಾಂಟಂ ಚುಕ್ಕೆಗಳು ಎನ್ನುತ್ತಾರೆ. ಮಳೆ ಬಿದ್ದಾಗ ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ಜನರು ವಜ್ರ ಹುಡುಕುತ್ತಾರಲ್ಲವೇ? ಆ ವಜ್ರ ಹೊಳೆಯುವುದು ಸೂರ್ಯನ ಬೆಳಕಿನಿಂದ. ಕ್ವಾಂಟಂ ಚುಕ್ಕೆಗೆ ಶಕ್ತಿ ಕೊಟ್ಟರೆ ಅದು ತನ್ನದೇ ಬಣ್ಣದ ಬೆಳಕನ್ನು ಬೀರುತ್ತದೆ. ಒಂದೇ ವಸ್ತುವಿನಿಂದ ಮಾಡಿದ್ದರೂ ದೊಡ್ಡ ಚುಕ್ಕೆ ಕೆಂಪು ಬೆಳಕನ್ನೂ ಚಿಕ್ಕದು ನೀಲಿ ಬೆಳಕನ್ನೂ ಕೊಡುತ್ತದೆ! ಇವನ್ನು ಕಂಡುಹಿಡಿದು ಬೆಳೆಸಿದ ಎಕಿಮೋವ್, ಬ್ರೂಸ್ ಮತ್ತು ಬವೆಂಡಿ ಎಂಬ ವಿಜ್ಞಾನಿಗಳಿಗೆ 2023ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಆದರೆ ಬರಿಯ ಚುಕ್ಕೆ ಸುಲಿದ ಶೇಂಗಾ ಬೀಜದಂತೆ. ಅದರ ಹೊರಮೈಯಲ್ಲಿರುವ ಪರಮಾಣುಗಳಿಗೆ ಒಂದು ಬದಿಯಲ್ಲಿ ನೆರೆಯವರೇ ಇಲ್ಲ. ಕೊಟ್ಟ ಶಕ್ತಿ ಅಲ್ಲಿ ಸಿಕ್ಕಿಕೊಂಡು, ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ. ಗಾಳಿ, ತೇವ ತಗುಲಿ ಚುಕ್ಕೆಯೂ ಕೆಡುತ್ತದೆ. ಇದಕ್ಕೆ ಉಪಾಯವೇನು? ಸಿಪ್ಪೆ ತೊಡಿಸುವುದು. 1996ರಲ್ಲಿ ಅಮೆರಿಕದ ಷಿಕಾಗೋದ ವಿಜ್ಞಾನಿಗಳು ಕ್ಯಾಡ್ಮಿಯಂ ಸೆಲೆನೈಡ್ ಎಂಬ ವಸ್ತುವಿನ ಚುಕ್ಕೆಗೆ ಜಿಂಕ್ ಸಲ್ಫೈಡಿನ ಹೊದಿಕೆ ಹಾಕಿದರು. ಆಗ ಹೀರಿದ ಬೆಳಕಿನ ಪ್ರತಿ 100 ಕಣಗಳಿಗೆ ಸುಮಾರು 50 ಕಣಗಳು ಹೊರಬಂದವು. ಈಗ ಒಳ್ಳೆಯ ಚುಕ್ಕೆಗಳಲ್ಲಿ 90ಕ್ಕೂ ಹೆಚ್ಚು ಬರುತ್ತವೆ.

ಅಂಗಡಿಯಲ್ಲಿ ಸಿಗುವ ಬಹುತೇಕ ಕ್ವಾಂಟಂ ಚುಕ್ಕೆ ಟಿ.ವಿ.ಗಳಲ್ಲಿ ಹಿಂದೆ ಒಂದು ನೀಲಿ ದೀಪವಿರುತ್ತದೆ. ಚುಕ್ಕೆಗಳು ಅದರ ಬೆಳಕನ್ನು ಹೀರಿ ಕೆಂಪು, ಹಸಿರು ಮಾಡಿ ಕೊಡುತ್ತವೆ. ಹಿಂದಿನ ದೀಪವಿಲ್ಲದೆ, ಚುಕ್ಕೆಗೇ ನೇರವಾಗಿ ವಿದ್ಯುತ್ತು ಹರಿಸಬಾರದೇ? ಹರಿಸಬಹುದು. ಕಷ್ಟವಿರುವುದು ಅಲ್ಲಿಯೇ.

ಕೋಲಾಟವನ್ನು ನೆನೆಸಿಕೊಳ್ಳಿ. ಎರಡು ಸಾಲು ಎದುರುಬದುರಾಗಿ ಬಂದು, ಕೋಲಿಗೆ ಕೋಲು ತಾಗಬೇಕು. ಚುಕ್ಕೆಗೆ ಒಂದು ಬದಿಯಿಂದ ಎಲೆಕ್ಟ್ರಾನುಗಳು ಬರುತ್ತವೆ. ಇನ್ನೊಂದು ಬದಿಯಿಂದ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು ಸರಿದು ಬರುತ್ತವೆ. ಇವೆರಡೂ ಜೋಡಿಯಾದಾಗ ಬೆಳಕು ಹುಟ್ಟುತ್ತದೆ. ಸಾಮಾನ್ಯವಾಗಿ ಎಲೆಕ್ಟ್ರಾನುಗಳ ಸಾಲಿಗೆ ಅವಸರ ಹೆಚ್ಚು. ಜೋಡಿ ಸಿಗದವು ಒಳಗೆ ನುಗ್ಗಿ ನಿಂತರೆ ಆಟ ಕೆಡುತ್ತದೆ, ಚುಕ್ಕೆ ಬೇಗ ಸವೆಯುತ್ತದೆ. 2014ರಲ್ಲಿ ಚೀನಾದ ವಿಜ್ಞಾನಿಗಳು ಆ ಬದಿಗೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಅತಿ ತೆಳುವಾದ ಪದರವನ್ನು ಇಟ್ಟರು. ಎಲೆಕ್ಟ್ರಾನುಗಳ ಓಟ ನಿಧಾನವಾಯಿತು. ಕೆಂಪು ದೀಪದ ಬೆಳಕೂ ಹೆಚ್ಚಿತು, ಆಯುಷ್ಯವೂ ಹೆಚ್ಚಿತು. ಅಡ್ಡ ಕಟ್ಟಿದ್ದರಿಂದ ಬೆಳಕು ಹೆಚ್ಚಿತೆಂಬುದು ವಿಚಿತ್ರವಲ್ಲವೇ?

ಕ್ಯಾಡ್ಮಿಯಂ ವಿಷವಸ್ತು. ಕೆಟ್ಟ ಟಿ.ವಿ.ಯನ್ನು ತಿಪ್ಪೆಗೆ ಎಸೆದರೆ ಅದು ಮಣ್ಣಿಗೂ ಬಾವಿಯ ನೀರಿಗೂ ಸೇರಬಹುದು. ಆದುದರಿಂದ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ವಿಜ್ಞಾನಿಗಳು ಕ್ಯಾಡ್ಮಿಯಂ ಇಲ್ಲದ ಚುಕ್ಕೆಗಳನ್ನು ಮಾಡಿದರು. ಮಂದ ಬೆಳಕಿನಲ್ಲಿ ಉರಿಸಿದರೆ, ಅವರ 2019ರ ಕೆಂಪು ದೀಪದ ಬೆಳಕು ಅರ್ಧಕ್ಕೆ ಇಳಿಯಲು 10 ಲಕ್ಷ ಗಂಟೆ ಬೇಕು. 2020ರ ನೀಲಿ ದೀಪಕ್ಕೆ 15,850 ಗಂಟೆ ಸಾಕು. ಈಗ ಲೆಕ್ಕ ಮಾಡಿ. ವರ್ಷಕ್ಕೆ 8,760 ಗಂಟೆ. ಹಗಲು ರಾತ್ರಿ ಉರಿದರೆ ಕೆಂಪು 114 ವರ್ಷ ಬಾಳುತ್ತದೆ, ನೀಲಿ ಎರಡು ವರ್ಷವೂ ಇಲ್ಲ!

ಈ ಲೆಕ್ಕ ಹೇಳಿದಾಗ ನನ್ನ ತರಗತಿಯ ಹುಡುಗಿಯೊಬ್ಬಳು, “114 ವರ್ಷ ಕಾದು ನೋಡಿದವರು ಯಾರು ಸಾರ್?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಯಾರೂ ಕಾಯಲಿಲ್ಲ. ದೀಪವನ್ನು ಬಹಳ ಪ್ರಖರವಾಗಿ ಉರಿಸಿ, ಅದು ಎಷ್ಟು ಬೇಗ ಕುಂದುತ್ತದೆಂದು ಅಳೆದು, ಮಂದ ಬೆಳಕಿನ ಆಯುಷ್ಯವನ್ನು ಲೆಕ್ಕ ಹಾಕುತ್ತಾರೆ.

ನೀಲಿ ಬೆಳಕಿಗೆ ಹೆಚ್ಚು ಶಕ್ತಿ ಬೇಕು. ಆ ಶ್ರಮಕ್ಕೆ ಚುಕ್ಕೆಯೂ ಅದರ ಸುತ್ತಲಿನ ಪದರಗಳೂ ಬೇಗ ದಣಿಯುತ್ತವೆ. ಹತ್ತಿ ಮಾರಿದ ವರ್ಷ ಒಮ್ಮೆ ಟಿ.ವಿ. ಕೊಂಡ ಮನೆಯವರು ಮತ್ತೆ ಎರಡೇ ವರ್ಷಕ್ಕೆ ಇನ್ನೊಂದನ್ನು ಕೊಳ್ಳಲಾರರು. ಮೂರು ಬಣ್ಣಗಳಲ್ಲಿ ನೀಲಿಯೊಂದೇ ಕುಂದಿದರೂ ಚಿತ್ರದಲ್ಲಿನ ಬಿಳಿ ಹತ್ತಿ ಹಳದಿಯಾಗಿ ಕಾಣುತ್ತದೆ. ಹೀಗಾಗಿ ವಿಜ್ಞಾನಿಗಳು ಈಗ ಹೆಚ್ಚಾಗಿ ಶ್ರಮಿಸುತ್ತಿರುವುದು ನೀಲಿಗಾಗಿ.

ನಮಗೆ ಹತ್ತಿರದ ಬೆಂಗಳೂರಿನಲ್ಲಿಯೂ ಕ್ವಾಂಟಂ ಚುಕ್ಕೆಗಳ ಸಂಶೋಧನೆ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2007ರಲ್ಲಿ ಡಿ.ಡಿ. ಶರ್ಮ ಮತ್ತು ಅಂಗ್ಶುಮಾನ್ ನಾಗ್ ಅವರು ಕ್ಯಾಡ್ಮಿಯಂ ಸಲ್ಫೈಡಿನ ಚುಕ್ಕೆಗಳಿಗೆ ಸ್ವಲ್ಪ ಮ್ಯಾಂಗನೀಸ್ ಬೆರೆಸಿ ಬಿಳಿಯ ಬೆಳಕನ್ನು ಪಡೆದರು.

ಮಾಡಿ ನೋಡಿ: ಎರಡು ಡಬ್ಬಿ ತೆಗೆದುಕೊಳ್ಳಿ. ಒಂದರಲ್ಲಿ 20 ಸುಲಿದ ಶೇಂಗಾ ಬೀಜಗಳನ್ನೂ ಇನ್ನೊಂದರಲ್ಲಿ 20 ಸಿಪ್ಪೆಯುಳ್ಳ ಕಾಯಿಗಳನ್ನೂ ಹಾಕಿ ಒಂದೇ ಕಡೆ ಇಡಿ. ಬಿತ್ತನೆಯ ಕಾಲಕ್ಕೆ ಕಾಯಿಗಳನ್ನು ಸುಲಿದು, ಎರಡೂ ಡಬ್ಬಿಗಳಿಂದ 20 ಬೀಜಗಳಂತೆ ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಎಷ್ಟೆಷ್ಟು ಮೊಳೆತವೆಂದು ಪುಸ್ತಕದಲ್ಲಿ ಬರೆದು ತನ್ನಿ.